ಮಕ್ಕಳ ಕೋಣೆಗೆ ಸದ್ದಿಲ್ಲದೆ ಹಂಚು ಹೊದೆಸಿದ್ದು

ನಾನು ನರ್ಸ್ ಕೆಲಸಕ್ಕೆ ಸೇರಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಊರು ಬೆಳ್ತಂಗಡಿಯ ಪಕ್ಕದ ಲಾಯಿಲ. ಕೆಲಸ ಸಿಕ್ಕಿದ್ದು ಬಂಟ್ವಾಳದಲ್ಲಿ, ಪೇಟೆಯಿಂದ ಸ್ವಲ್ಪ ಹೊರಗೆ ನದಿಯ ಕಡೆಗಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಹದಿನೆಂಟು ಹಾಸಿಗೆ, ಒಬ್ಬರು ಡಾಕ್ಟರು, ಒಬ್ಬ ಕಂಪೌಂಡರು, ನಾವು ಮೂವರು ನರ್ಸುಗಳು. ಅದು ಮೊದಲು ಒಂದು ಜೈನ ಮನೆತನದ ದೊಡ್ಡ ಮನೆ. ಅವರು ಅದನ್ನು ಆಸ್ಪತ್ರೆಗೆಂದು ಬಿಟ್ಟುಕೊಟ್ಟ ಮೇಲೆ ಚಾವಡಿಯಲ್ಲಿ ಗಂಡಸರು, ಒಳಗಿನ ದೊಡ್ಡ ಕೋಣೆಯಲ್ಲಿ ಹೆಂಗಸರು ಮಲಗಿದರು. ಮಕ್ಕಳಿಗೆ ಅಂತ ಜಾಗವೇ ಇರಲಿಲ್ಲ. ಹೆಂಗಸರ ಹಾಸಿಗೆಗಳ ನಡುವೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಮಲಗಿಸುತ್ತಿದ್ದೆವು.

ಹಿಂದಿನ ವರ್ಷ, ಕೈಮೂಳೆ ಮುರಿದುಕೊಂಡ ನಾಲ್ಕು ವರ್ಷದ ಮಗುವೊಂದು ಬಂದಿತ್ತು. ಪಕ್ಕದ ಹಾಸಿಗೆಯಲ್ಲಿ ನಾಯಿಕೆಮ್ಮಿನ ಮಗು. ಮೂಳೆ ಚೆನ್ನಾಗಿಯೇ ಕೂಡಿಕೊಂಡಿತು. ಆದರೆ ಕೆಮ್ಮು ಹತ್ತಿಕೊಂಡಿತು. ಮಗು ಉಳಿಯಲಿಲ್ಲ. ಆ ಹಾಸಿಗೆ ಕೊಟ್ಟದ್ದು ನಾನು. ಬೇರೆ ಹಾಸಿಗೆ ಇರಲಿಲ್ಲವಲ್ಲ ಎಂದು ಡಾಕ್ಟರು ಹೇಳಿದರು, ಅದು ನಿಜವೂ ಹೌದು. ಆದರೂ ಆಮೇಲೆ ಯಾವ ಮಗುವನ್ನು ಯಾವ ಹಾಸಿಗೆಗೆ ಹಾಕುವಾಗಲೂ ಪಕ್ಕದ ಹಾಸಿಗೆಯನ್ನು ಎರಡೆರಡು ಸಲ ನೋಡುತ್ತಿದ್ದೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಡಾಕ್ಟರಿಗೂ ಅದು ನಾಟಿತ್ತು ಅಂತ ಕಾಣುತ್ತದೆ. ಮನೆಯ ಪಡುಬದಿಯ ಸಾಲಿನಲ್ಲಿ ಹಿಂದೆ ಭತ್ತ ತುಂಬಿಡುತ್ತಿದ್ದ ಎರಡು ಕೋಣೆಗಳಿದ್ದವು. ಕಿಟಕಿಯಿಲ್ಲದ, ಇಲಿ ವಾಸನೆಯ ಕತ್ತಲ ಕೋಣೆಗಳು. ಅವನ್ನು ಮಕ್ಕಳಿಗೆಂದು ಸರಿಪಡಿಸುವುದಾಗಿ ಅವರು ಹಠ ಹಿಡಿದರು. ಒಂದು ಕೋಣೆ ಅಂಟುರೋಗದ ಮಕ್ಕಳಿಗೆ, ಇನ್ನೊಂದು ಉಳಿದವರಿಗೆ. ಮಲಗಿದಲ್ಲಿಂದಲೇ ಹೊರಗೆ ಕಾಣುವ ಹಾಗೆ ತಗ್ಗಿನಲ್ಲಿ ಕಿಟಕಿ, ಗಿಡ್ಡ ಮಂಚ, ತೊಳೆಯಲು ಸುಲಭವಾಗುವಂಥ ಕಾವಿ ನೆಲ. ಔಷಧಿ ಚೀಟಿಯ ಹಿಂದೆ ಅವರೇ ನಕ್ಷೆ ಬರೆದಿದ್ದರು. ಏಪ್ರಿಲ್ ನಡುವಿನ ಬಿಸು ಹಬ್ಬ ಮುಗಿದ ಮೇಲೆ ಕೆಲಸ ಶುರುವಾಯಿತು.

ಮರದ ಕೆಲಸಕ್ಕೆ ಬಂದವರು ಮೂಡುಬಿದಿರೆಯ ಹತ್ತಿರದ ಮಿಜಾರಿನ ಕಡೆಯ ಆಚಾರಿ. ಐವತ್ತು ದಾಟಿದ ಸಪೂರ ಮನುಷ್ಯ. ಜೊತೆಗೆ ನಾಲ್ಕು ಜನ ಗಂಡಾಳುಗಳು, ಇಬ್ಬರು ಹೆಣ್ಣಾಳುಗಳು. ರೋಗಿಗಳನ್ನು ಒಳಗೆ ಇಟ್ಟುಕೊಂಡೇ ಗೋಡೆ ಒಡೆಯುವುದೆಂದರೆ ಏನು ಅಂತ ನಮಗೆ ಆಗ ತಿಳಿಯಿತು. ಮುರಕಲ್ಲಿನ ಕೆಂಪು ಧೂಳು ಎಲ್ಲಿಂದಲೋ ನುಗ್ಗುತ್ತಿತ್ತು. ನಡುಬಾಗಿಲಿಗೆ ಒದ್ದೆ ಗೋಣಿ ಕಟ್ಟಿದೆವು. ಗಾಯ ತೊಳೆಯುವ ತಟ್ಟೆಗಳಿಗೆ ಎರಡೆರಡು ಬಟ್ಟೆ ಮುಚ್ಚಿದೆವು. ಆದರೂ ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಕೆಂಪು ಪುಡಿ ಕಂಡರೆ ಕಟ್ಟು ಬಿಚ್ಚಿ ಮತ್ತೆ ತೊಳೆಯುತ್ತಿದ್ದೆ.

ಮುಚ್ಚಿಗೆಯ ಹಲಗೆ ಬಿಚ್ಚಿದಾಗ ಆಚಾರಿ ಡಾಕ್ಟರನ್ನು ಕರೆದು ಮೇಲೆ ತೋರಿಸಿದರು. ಮಾಡಿನ, ಅಂದರೆ ಹಂಚಿನ ಸೂರಿನ, ಓರೆಮರ ಪಕ್ಕಾಸುಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು. ಬೆರಳಿನಲ್ಲಿ ಒತ್ತಿದರೆ ಮರ ಹಿಟ್ಟಿನ ಹಾಗೆ ಉದುರುತ್ತಿತ್ತು. ನಡುವಿನ ತೊಲೆಯೂ ಟೊಳ್ಳು. ಇಷ್ಟು ದಿನ ಮಾಡು ಬೀಳದೆ ನಿಂತದ್ದೇ ಹೆಚ್ಚು. ಬೇರೆ ದಾರಿಯಿಲ್ಲದೆ ಹಂಚನ್ನೆಲ್ಲ ಇಳಿಸಿ, ಹಳೆಯ ಮರ ಕಿತ್ತು ಹಾಕಿದರು. ಮೇ ತಿಂಗಳ ಮೂರನೆಯ ವಾರ. ಎರಡೂ ಕೋಣೆಗಳ ಮೇಲೆ ಬರೀ ಆಕಾಶ.

ಆ ಶನಿವಾರ ಬೆಳಿಗ್ಗೆ ನರಿಕೊಂಬಿನಿಂದ ದೋಣಿಯಲ್ಲಿ ಹೊಳೆ ದಾಟಿ ಒಬ್ಬಳು ತಾಯಿ ಏಳು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಬೀಡಿ ಕಟ್ಟಿ ಬದುಕುವವಳು, ಗಂಡ ಇರಲಿಲ್ಲ. ನಾವೆಲ್ಲ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ಎರಡು ದಿನದಿಂದ ಗಂಜಿ ಬಾಯಿಗೆ ಹೋಗುವುದಿಲ್ಲ ನರ್ಸಮ್ಮ. ಹಲ್ಲು ಬಿಡುವುದಿಲ್ಲ. ಹಟ ಮಾಡ್ತಾಳೆ ಅಂತ ನಾನು ಒಂದು ಪೆಟ್ಟೂ ಕೊಟ್ಟೆ," ಎಂದಳು.

ಹುಡುಗಿಯ ಮುಖ ನೋಡಿದೆ. ನಕ್ಕ ಹಾಗೆ ಬಾಯಿ ಎರಡೂ ಕಡೆಗೆ ಎಳೆದುಕೊಂಡಿತ್ತು. ಕಣ್ಣು ನಗುತ್ತಿರಲಿಲ್ಲ. ಕೊರಳ ಹಿಂದೆ ಕೈಯಿಟ್ಟು ಎತ್ತಲು ನೋಡಿದೆ. ಕೊರಳು ಮರದ ಹಾಗೆ ಸೆಟೆದಿತ್ತು. ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಕಾಲಿನ ಹಿಮ್ಮಡಿಯಲ್ಲಿ ಒಣಗಿದ ಒಂದು ಸಣ್ಣ ಗಾಯ. ಹತ್ತು ದಿನದ ಹಿಂದೆ ದನದ ಹಟ್ಟಿಯಲ್ಲಿ ಬಿದಿರಿನ ಸಿಬಿರು ಹೊಕ್ಕಿತ್ತಂತೆ.

ಅಷ್ಟರಲ್ಲಿ ಗೋಡೆಯಾಚೆ ಯಾರೋ ಒಂದು ಹಲಗೆ ಕೆಡವಿದರು. ಧಡ್ ಎಂದಿತು. ಹುಡುಗಿಯ ಮೈ ಒಮ್ಮೆಲೇ ಹಿಂದಕ್ಕೆ ಬಾಗಿತು. ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿ, ನಡುವೆಲ್ಲ ಮೇಲಕ್ಕೆದ್ದು ನಿಂತಿತು. ಉಸಿರಿಲ್ಲ. ತುಟಿ ನೀಲಿ. ಎಷ್ಟು ಹೊತ್ತು ಹಾಗಿತ್ತೋ, ನನಗೆ ಗೊತ್ತಿಲ್ಲ. ಬಿಟ್ಟಾಗ ಅವಳು ಹಲ್ಲಿನ ಸಂದಿನಿಂದ ನರಳಿದಳು. ತಾಯಿ ಕಿರುಚಿದಳು, ಆ ಕೂಗಿಗೆ ಮೈ ಇನ್ನೊಮ್ಮೆ ಬಾಗಿತು.

ಡಾಕ್ಟರು ಓಡಿ ಬಂದರು. "ಧನುರ್ವಾಯು. ಕೆಲಸ ನಿಲ್ಲಿಸಲಿಕ್ಕೆ ಹೇಳಿ, ಈಗಲೇ. ಒಂದು ಸುತ್ತಿಗೆ ಸದ್ದು ಕೇಳಬಾರದು," ಎಂದರು. ದನಿ ತಗ್ಗಿಸಿಯೇ ಹೇಳಿದರು, ಅವರ ದನಿಗೂ ಹುಡುಗಿ ಬೆಚ್ಚುತ್ತಿದ್ದಳು.

ಈ ರೋಗಕ್ಕೆ ಬೇಕಾದದ್ದು ಕತ್ತಲೆ ಮತ್ತು ಮೌನ. ಬೆಳಕು, ಸದ್ದು, ಮುಟ್ಟುವುದು, ಯಾವುದಾದರೂ ಸಾಕು ಸೆಳೆತ ಬರಲಿಕ್ಕೆ. ಒಂದೊಂದು ಸೆಳೆತದಲ್ಲೂ ಉಸಿರು ನಿಲ್ಲಬಹುದು. ಹೆಂಗಸರ ವಾರ್ಡಿನಲ್ಲಿ ಕೂಸುಗಳ ಅಳು, ಚಾವಡಿಯಲ್ಲಿ ಕೆಮ್ಮು, ಎದುರಿಗೆ ಬಸ್ಸಿನ ರಸ್ತೆ. ಇಡೀ ಕಟ್ಟಡದಲ್ಲಿ ಕತ್ತಲೆ ಮಾಡಬಹುದಾದ ಕೋಣೆ ಇದ್ದದ್ದು ಒಂದೇ, ಪಡುಬದಿಯ ಸಾಲಿನ ಕೊನೆಯ ಔಷಧಿ ಉಗ್ರಾಣ. ಅದಕ್ಕೂ ಆ ಮಾಡಿಲ್ಲದ ಕೋಣೆಗೂ ನಡುವೆ ಒಂದೇ ಗೋಡೆ. ಕೆಲಸ ನಿಂತಿತಲ್ಲ ಅಂತ ಅಲ್ಲಿಗೇ ಅವಳನ್ನು ಸಾಗಿಸಿದೆವು. ಆ ಮೂವತ್ತು ಹೆಜ್ಜೆಗೆ ಎರಡು ಸೆಳೆತ ಬಂದವು. ಮಂಗಳೂರಿಗೆ ಕಳಿಸುವ ಮಾತನ್ನು ಡಾಕ್ಟರು ಅಲ್ಲಿಗೇ ಬಿಟ್ಟರು. "ದಾರಿಯಲ್ಲೇ ಹೋಗ್ತದೆ ಮಗು," ಎಂದರು.

ಕಂಪೌಂಡರು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಸಂಜೆಯ ಹೊತ್ತಿಗೆ ವಿಷ ಇಳಿಸುವ ಸೀರಮ್ ತಂದರು. ಚುಚ್ಚುವ ಮೊದಲು ನಿದ್ದೆ ಬರಿಸುವ ಮದ್ದು. ಮೂಗಿನಿಂದ ರಬ್ಬರ್ ನಳಿಕೆ ಇಳಿಸಿ ಹಾಲು. ಅವಳ ಹತ್ತಿರ ಇರಲಿಕ್ಕೆ ಡಾಕ್ಟರು ನನ್ನನ್ನು ಆರಿಸಿದರು. "ನಿನ್ನ ಹೆಜ್ಜೆ ಹಗುರ," ಎಂದರು. ಹೆಜ್ಜೆ ಹಗುರವಿತ್ತು, ಮನಸ್ಸಲ್ಲ. ಆಗಲೇ ಒಂದು ಮಗುವನ್ನು ಕಳೆದವಳು ನಾನು, ನನ್ನ ಕೈಗೆ ಯಾಕೆ ಕೊಡುತ್ತೀರಿ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಬಳೆ ತೆಗೆದಿಟ್ಟೆ. ಚಪ್ಪಲಿ ಬಿಟ್ಟೆ. ಕಿಟಕಿಗೆ ಕರಿ ಕಂಬಳಿ ಕಟ್ಟಿ, ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದೆ. ಹುಡುಗಿಯ ಕಿವಿಗೆ ಹತ್ತಿ ಇಟ್ಟೆ.

ಆ ಕೋಣೆಯಲ್ಲಿ ಕೂತ ಮೇಲೆ ನನಗೆ ಲೋಕದಲ್ಲಿ ಎಷ್ಟು ಸದ್ದುಗಳಿವೆ ಅಂತ ಗೊತ್ತಾಯಿತು. ಹಲ್ಲಿ ಲೊಚಗುಟ್ಟಿದರೆ ಹೆದರಿಕೆ. ಕಾಗೆ ಮಾಡಿನ ಮೇಲೆ ಕೂತರೆ ಹೆದರಿಕೆ. ಗಾಜಿನ ಸಿರಿಂಜು ತಟ್ಟೆಗೆ ತಾಗಿದರೆ ಹೆದರಿಕೆ. ಧೂಳಿನಿಂದ ಮೂಗು ತುರಿಸಿ ಸೀನು ಬರುವ ಹಾಗಾದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಬಾಗಿ ಕೂತಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು ಬೇರೆ. ಈ ರೋಗದಲ್ಲಿ ಎಚ್ಚರ ತಪ್ಪುವುದಿಲ್ಲ. ಮದ್ದಿನ ಮಂಪರು ಇಳಿದಾಗಲೆಲ್ಲ ಅವಳು ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದಳು. ಇನ್ನೊಂದು ಸೆಳೆತ ಬರುತ್ತದೆ ಅಂತ ಅವಳಿಗೆ ನನಗಿಂತ ಮೊದಲು ಗೊತ್ತಾಗುತ್ತಿತ್ತು. ಕಣ್ಣು ದೊಡ್ಡದಾಗುತ್ತಿತ್ತು. ಆ ಕಣ್ಣನ್ನು ನೋಡಿಯೇ ನಾನು ತಿಳಿಯುತ್ತಿದ್ದದ್ದು.

ತಾಯಿಯನ್ನು ಒಳಗೆ ಬಿಡುವ ಹಾಗಿರಲಿಲ್ಲ. ಅವಳಿಗೆ ಅಳು ತಡೆಯಲು ಆಗುತ್ತಿರಲಿಲ್ಲ. ಅಂಗಳದ ಹಲಸಿನ ಮರದಡಿ ಕೂತಿರುತ್ತಿದ್ದಳು. ಕೈಯಲ್ಲಿ ಎಲೆಯಿಲ್ಲ, ಹೊಗೆಸೊಪ್ಪಿಲ್ಲ, ಆದರೂ ಬೆರಳುಗಳು ಬೀಡಿ ಸುತ್ತುತ್ತಲೇ ಇದ್ದವು.

ಭಾನುವಾರ ಬೆಳಿಗ್ಗೆ ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಿತು. ನಾನು ಮುಖ ತೊಳೆಯಲು ಹೊರಗೆ ಬಂದಾಗ ಆಚಾರಿ ಬಾಗಿಲ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

"ಮಗು ಹೇಗುಂಟು?" ಪಿಸುಮಾತಿನಲ್ಲಿ ಕೇಳಿದರು.

"ಉಂಟು," ಎಂದೆ.

"ನಾನೊಮ್ಮೆ ನೋಡಬಹುದಾ? ಎಷ್ಟು ಸದ್ದು ತಡೀತಾಳೆ ಅಂತ ತಿಳೀಬೇಕು."

ಯಾಕೆಂದು ಕೇಳದೆ ಬಾಗಿಲು ಸರಿಸಿದೆ. ಅವರು ಹೊಸ್ತಿಲಲ್ಲೇ ನಿಂತರು. ಅದೇ ಹೊತ್ತಿಗೆ ವಾರ್ಡಿನ ಕಡೆ ಯಾರದೋ ಲೋಟ ಬಿತ್ತು. ದೂರದ ಸದ್ದು; ಬೇರೆ ಹೊತ್ತಿನಲ್ಲಾದರೆ ಕಿವಿಗೆ ಬೀಳುತ್ತಿರಲಿಲ್ಲ. ಹುಡುಗಿ ಬಾಗಿದಳು. ನಾನು ಅವಳು ಮಂಚದಿಂದ ಜಾರದ ಹಾಗೆ ಬದಿಗೆ ದಿಂಬು ಒತ್ತಿ ಹಿಡಿದು, ಅವಳು ಸಡಿಲಾಗುವವರೆಗೆ ಕಾದೆ. ತಿರುಗಿ ನೋಡಿದಾಗ ಆಚಾರಿ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿಬಿಟ್ಟಿದ್ದರು.

ಡಾಕ್ಟರು ಬಂದ ಮೇಲೆ ಆಚಾರಿ ವಿಷಯ ಎತ್ತಿದರು. ಮಾಡಿಲ್ಲದ ಕೋಣೆಯ ಗೋಡೆ ಮಣ್ಣಿನ ಗಾರೆಯದು. ಎರಡು ಮಳೆ ನೇರ ಮೇಲೆ ಬಿದ್ದರೆ ಒಳಗಿಂದ ಕರಗುತ್ತದೆ. ಉಗ್ರಾಣದ ಮಾಡಿನ ಒಂದು ತಲೆ ಕೂತದ್ದೇ ಆ ನಡುಗೋಡೆಯ ಮೇಲೆ. ಗೋಡೆ ಕುಸಿದರೆ ಮಾಡು ಹುಡುಗಿಯ ಮೇಲೆ.

"ಸದ್ದಿಲ್ಲದೆ ಮಾಡು ಏರಿಸ್ತೇನೆ ಡಾಕ್ಟ್ರೇ. ಬಸದಿಯ ಮಾಡಿನ ಕೆಲಸದಲ್ಲಿ ಪೂಜೆಯ ಹೊತ್ತಿಗೆ ಹಾಗೇ ಮಾಡ್ತಿದ್ದೆವು, ಒಂದೊಂದು ಗಂಟೆ. ಕೊಯ್ಯುವುದು, ಕೆತ್ತುವುದು ಎಲ್ಲ ಹೊಳೆಯ ಬದಿಯಲ್ಲಿ. ಇಲ್ಲಿಗೆ ತಂದು ಕೂರಿಸುವುದು ಮಾತ್ರ. ಮೊಳೆ ಬೇಡ. ನಾರಿನ ಹಗ್ಗದಲ್ಲಿ ಕಟ್ಟುವ."

"ಒಂದು ಹಂಚು ಬಿದ್ದರೆ?"

"ಇವತ್ತು ಮಳೆ ಬಿದ್ದರೆ?"

ಡಾಕ್ಟರು ಆ ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆದು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಒಳಗೆ ಇರುವವಳು ನೀನು. ನೀನು ಹೇಳು," ಎಂದರು.

ನನಗೆ ಆಗ ಇಪ್ಪತ್ತೆರಡು. ಅವರು ಹಾಗೆ ಕೇಳಬಾರದಿತ್ತು ಅಂತ ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಬೇಡ ಅಂದು ಗೋಡೆ ಬಿದ್ದರೆ ನನ್ನಿಂದ. ಆಗಲಿ ಅಂದು ಹಂಚು ಬಿದ್ದರೆ ನನ್ನಿಂದ. ಮೋಡ ನೋಡಿದೆ. "ಮಾಡಲಿ," ಎಂದೆ. ಆ ಪಿಸುಮಾತು ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಆಚಾರಿ ಒಂದು ಉಪಾಯ ಮಾಡಿದರು. ಗೋಡೆಯ ತಲೆಗೂ ಮಾಡಿಗೂ ನಡುವೆ ಇದ್ದ ಸಂದಿನಿಂದ ಒಂದು ಹುರಿ ಇಳಿಬಿಟ್ಟರು. ಈ ತುದಿ ನನ್ನ ಬೆರಳಿಗೆ, ಆ ತುದಿ ಅವರ ತೋಳಿಗೆ. ಹುಡುಗಿಯ ಕಣ್ಣು ದೊಡ್ಡದಾದರೆ ನಾನು ಎಳೆಯಬೇಕು. ಎಳೆದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಎರಡು ಸಲ ಎಳೆದರೆ ಮತ್ತೆ ಶುರು.

ಭಾನುವಾರದ ಮೋಡ ಸುರಿಯದೆ ಸರಿದುಹೋಗಿ, ಸೋಮವಾರ ತೊಲೆ ಏರಿತು. ಹೊಸ ತೊಲೆಯನ್ನು ಹಗ್ಗ ಹಾಕಿ ಎತ್ತಿ, ಗೋಣಿ ಹಾಸಿದ ಗೋಡೆಯ ಮೇಲೆ ಇಳಿಸಿದರಂತೆ. ನಾನು ನೋಡಲಿಲ್ಲ. ನನಗೆ ಕೇಳಿದ್ದು ಜನರ ಉಸಿರು ಮಾತ್ರ, ಭಾರ ಹೊತ್ತವರ ದೊಡ್ಡ ಉಸಿರು, ಗೋಡೆಯಾಚೆ. ಮಂಗಳವಾರ ಪಕ್ಕಾಸುಗಳು, ಅವುಗಳ ಮೇಲೆ ಹಂಚು ಕೂರುವ ರೀಪುಗಳು. ಒಂದೊಂದನ್ನೂ ಕಟ್ಟುವಾಗ ಹಗ್ಗ ಕಿರ್ ಎನ್ನುತ್ತಿತ್ತು. ಅದಕ್ಕೆ ನೀರು ಹಚ್ಚಿ ಕಟ್ಟಿದರು, ಕಿರ್ ನಿಂತಿತು. ಆ ಎರಡು ದಿನದಲ್ಲಿ ನಾನು ಹುರಿ ಎಳೆದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕೆಲವು ಸಲ ಹುಡುಗಿಗೆ ಏನೂ ಆಗಿರಲಿಲ್ಲ, ನನಗೇ ಹೆದರಿಕೆಯಾಗಿ ಎಳೆದಿದ್ದೆ. ಅವರು ಒಮ್ಮೆಯೂ ಯಾಕೆಂದು ಕೇಳಲಿಲ್ಲ. ಬಿಸಿಲಲ್ಲಿ, ಮಾಡಿನ ಮೇಲೆ, ಕೈ ಎತ್ತಿದವರು ಎತ್ತಿದ ಹಾಗೆಯೇ ನಿಲ್ಲುತ್ತಿದ್ದರು.

ಹಗ್ಗದಲ್ಲಿ ಆಗದ ಕೆಲಸ ಒಂದೇ ಇತ್ತು. ತೊಲೆಗೆ ಪಕ್ಕಾಸು ಸೇರುವಲ್ಲಿ ಕಬ್ಬಿಣದ ಪಟ್ಟಿ ಇಟ್ಟು ಮೊಳೆ ಹೊಡೆಯಲೇಬೇಕು, ಇಲ್ಲದಿದ್ದರೆ ಮಳೆಗಾಲದ ಗಾಳಿಗೆ ಇಡೀ ಮಾಡು ಎದ್ದು ಹೋಗುತ್ತದೆ ಎಂದಿದ್ದರು ಆಚಾರಿ. ಅದನ್ನು ಕೊನೆಗೆ ನೋಡುವ ಅಂತ ಬಿಟ್ಟರು.

ಬುಧವಾರ ಹಂಚು. ಅಂಗಳದಿಂದ ಏಣಿಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮಧ್ಯಾಹ್ನ ದಾಟಿತ್ತು. ಹುಡುಗಿಗೆ ಬೆಳಗಿನಿಂದ ಸೆಳೆತ ಕಡಿಮೆಯಾಗಿತ್ತು. ನನಗೆ ಒಂದು ಚೂರು ಧೈರ್ಯ ಬಂದಿತ್ತು ಅಂತ ಕಾಣುತ್ತದೆ, ಯಾಕೆಂದರೆ ಗೋಡೆಗೆ ತಲೆ ಆನಿಸಿದ್ದು ನೆನಪಿದೆ. ಆಗ ಹಂಚು ಬಿತ್ತು. ಕಲ್ಲುಚಪ್ಪಡಿಯ ಮೇಲೆ ಬಿದ್ದು ಒಡೆದ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು.

ಅಂಥ ಸೆಳೆತ ಅದುವರೆಗೆ ಬಂದಿರಲಿಲ್ಲ. ಬೆನ್ನಿನಲ್ಲಿ ಏನೋ ಲಟಕ್ಕೆಂದಂತೆ ಕೇಳಿತು. ಅವಳ ಎದೆ ಕಲ್ಲಿನ ಹಾಗೆ ಗಟ್ಟಿಯಾಯಿತು. ತುಟಿ ನೀಲಿಯಾಗಿ, ಆಮೇಲೆ ಕಪ್ಪಾಯಿತು. ಡಾಕ್ಟರು ಬಂದು ಸೂಜಿ ಚುಚ್ಚಿದರು. ನಾನು ಅವಳ ಎದೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಸೆಳೆತ ಬಿಡದೆ ಒತ್ತಿದರೂ ಪ್ರಯೋಜನವಿಲ್ಲ. ಬಿಟ್ಟಿತು. ಬಿಟ್ಟರೂ ಉಸಿರು ಬರಲಿಲ್ಲ. ಒತ್ತಿದೆ, ಬಿಟ್ಟೆ, ಒತ್ತಿದೆ. ಡಾಕ್ಟರು ಗಂಟಲಿನ ಜೊಲ್ಲು ಎಳೆದು ತೆಗೆದರು. ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು, 'ಮಾಡಲಿ' ಅಂದವಳು ನೀನೇ, 'ಮಾಡಲಿ' ಅಂದವಳು ನೀನೇ. ಎಷ್ಟನೆಯ ಸಲಕ್ಕೋ ಅವಳ ಮೂಗಿನ ಹೊಳ್ಳೆ ಅಲುಗಿತು. ಸಣ್ಣ ಒಂದು ಉಸಿರು. ಇನ್ನೊಂದು.

ಡಾಕ್ಟರು ನೆಲದ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ಕಂಡದ್ದು ಆ ಒಂದೇ ಸಲ, ಕಂಡು ನನ್ನ ಹೆದರಿಕೆ ಇಮ್ಮಡಿಯಾಯಿತು.

ಹೊರಗೆ ಹೋದೆ. ಹಂಚು ಕೈಬಿಟ್ಟ ಹೆಣ್ಣಾಳು ಅಂಗಳದ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ಕೂತಿದ್ದಳು. ಹುಡುಗಿಯ ತಾಯಿ ಅವಳ ಎದುರು ನಿಂತಿದ್ದಳು. ಯಾರೂ ಹತ್ತಿರ ಹೋಗುವ ಧೈರ್ಯ ಮಾಡಿರಲಿಲ್ಲ.

"ಉಸಿರಾಡ್ತಿದ್ದಾಳೆ," ಎಂದೆ.

ಆ ಹೆಣ್ಣಾಳು ತಿರುಗಲಿಲ್ಲ. "ಕೈ ಬೆವರಿತ್ತು. ಜಾರಿತು. ನನ್ನಿಂದ ಆಯ್ತು," ಎಂದು ಗೋಡೆಗೇ ಹೇಳಿದಳು.

ತಾಯಿ ಬಗ್ಗಿ ಅವಳ ಕೈಗಳನ್ನು ಎಳೆದು ತಿರುಗಿಸಿ ನೋಡಿದಳು. ಹೊಡೆಯುತ್ತಾಳೋ ಏನೋ ಅಂದುಕೊಂಡೆ. ಅವಳು ಸೆರಗಿನ ತುದಿಯಿಂದ ಆ ಅಂಗೈಗಳನ್ನು ಒರೆಸಿದಳು, ಒಂದಾದ ಮೇಲೆ ಒಂದು. "ಬೂದಿ ಹಚ್ಚಿಕೊಳ್ಳಬೇಕು ಮಾರಾಯ್ತಿ. ಬೂದಿ ಹಚ್ಚಿದರೆ ಜಾರುವುದಿಲ್ಲ," ಎಂದಳು.

ಆ ದಿನ ಕೆಲಸ ಮುಂದುವರಿಯಲಿಲ್ಲ. ಗುರುವಾರ ಬೆಳಿಗ್ಗೆ ಸಾಲಿನಲ್ಲಿ ಒಬ್ಬರು ಹೆಚ್ಚಾಗಿದ್ದರು. ಆಸ್ಪತ್ರೆಯ ಒಲೆಯಿಂದ ಬೂದಿ ತಂದು ಎಲ್ಲರ ಕೈಗೂ ಹಚ್ಚಿ, ತಾಯಿಯೇ ಏಣಿಯ ಬುಡದಲ್ಲಿ ನಿಂತಿದ್ದಳು. ಬೇಡ ಎಂದು ಹೇಳಲು ಹೋದೆ. "ಮರದ ಕೆಳಗೆ ಕೂತರೆ ನನಗೆ ಮರುಳು ಹಿಡೀತದೆ ನರ್ಸಮ್ಮ. ಇಲ್ಲಿ ನಿಂತರೆ ಅಳು ಬರುವುದಿಲ್ಲ," ಎಂದಳು. ನಿಜವಾಗಿಯೂ ಅಳಲಿಲ್ಲ. ಎಳೆಗೂಸನ್ನು ಕೊಡುವ ಹಾಗೆ ಒಂದೊಂದು ಹಂಚನ್ನೂ ಎರಡು ಕೈಯಲ್ಲಿ ಎತ್ತಿ ಕೊಟ್ಟಳು.

ಮೂರು ಗಂಟೆಯ ಹೊತ್ತಿಗೆ ಕೊನೆಯ ಸಾಲು ಬಾಕಿಯಿದ್ದಾಗ ಗಾಳಿ ನಿಂತಿತು. ಉಸಿರು ಕಟ್ಟುವಂಥ ಸೆಕೆ. ಆಕಾಶ ಮಸಿಯಾಯಿತು. ಸದ್ದು ಮಾಡಬೇಡ ಎಂದು ಮನುಷ್ಯರಿಗೆ ಹೇಳಬಹುದು. ಗುಡುಗಿಗೆ ಯಾರು ಹೇಳುವುದು? ಡಾಕ್ಟರು ಮದ್ದು ಹೆಚ್ಚು ಮಾಡಿದರು. ಹತ್ತಿಯ ಮೇಲೆ ಹತ್ತಿ ಇಟ್ಟು, ಅವಳ ಎರಡೂ ಕಿವಿಗಳನ್ನು ನನ್ನ ಅಂಗೈಯಿಂದ ಮುಚ್ಚಿ ಹಿಡಿದೆ.

ಮೊದಲ ಗುಡುಗಿಗೆ ಬಾಗಿದಳು. ಎರಡನೆಯದಕ್ಕೂ. ಮೂರನೆಯದು ಬಂದದ್ದು ಮಳೆಯ ಜೊತೆಗೆ. ಮಳೆ ಅಂದರೆ ಹನಿಯಲ್ಲ, ಒಮ್ಮೆಲೇ ಸುರಿದದ್ದು. ಹಂಚಿನ ಮೇಲೆ ಸಾವಿರ ಜನ ಒಟ್ಟಿಗೆ ಕೈ ಬಡಿದ ಹಾಗೆ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ, ಮುಗಿಯಿತು ಅಂದುಕೊಂಡೆ. ಅಂಗೈಯಡಿಯಲ್ಲಿ ಅವಳ ತಲೆ ಅಲುಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಹುಡುಗಿ ಮಲಗಿದ್ದಳು. ಇನ್ನೊಂದು ಗುಡುಗು, ಎಲ್ಲೋ ಮಳೆಯ ಹಿಂದೆ ಗುರ್ ಎಂದಿತು. ಅವಳು ಬೆಚ್ಚಲಿಲ್ಲ.

ಡಾಕ್ಟರು ನನ್ನ ಕಿವಿಯ ಹತ್ತಿರ ಬಂದು ಜೋರಾಗಿಯೇ ಹೇಳಿದರು. "ಒಂದೇ ಸಮನೆ ಸದ್ದು. ನಡುವೆ ಬೇರೆ ಏನೂ ಅವಳಿಗೆ ತಿಳಿಯುವುದಿಲ್ಲ." ಐದು ದಿನದ ಮೇಲೆ ಆ ಕೋಣೆಯಲ್ಲಿ ದನಿ ಎತ್ತಿ ಆಡಿದ ಮೊದಲ ಮಾತು ಅದು.

ಬಾಗಿಲಲ್ಲಿ ಆಚಾರಿ ಕಂಡರು. ಮೈಯೆಲ್ಲ ನೀರು. ಕೊನೆಯ ಸಾಲಿನ ಹಂಚನ್ನು ಮಳೆಯಲ್ಲೇ ಇಟ್ಟು ಇಳಿದಿದ್ದರು. ಅವರು ಬಾಯಿ ತೆರೆಯಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಸ್ವಲ್ಪ ಎತ್ತಿ ನನ್ನನ್ನು ನೋಡಿದರು. ಗಾಳಿ ಏಳುತ್ತಿತ್ತು, ಪಟ್ಟಿ ಹೊಡೆದಿರಲಿಲ್ಲ. ಇನ್ನೊಮ್ಮೆ ನನ್ನನ್ನೇ ಕೇಳುತ್ತಿದ್ದರು. ನಿನ್ನೆ ಕಪ್ಪಾದ ತುಟಿ ನನ್ನ ಕಣ್ಣೆದುರಿಗಿತ್ತು. ಬೇಡ ಅನ್ನಲು ಎಲ್ಲ ಕಾರಣವೂ ಇತ್ತು. ನಾನು ಅವಳ ಕಿವಿಯ ಮೇಲಿನ ಕೈಯನ್ನು ಇನ್ನೂ ಒತ್ತಿ ಹಿಡಿದು, ಹೂಂ ಎಂದು ತಲೆಯಾಡಿಸಿದೆ.

ಗೋಡೆಯಾಚೆ ಒಳಗಿನಿಂದ ಏಣಿಯಿಟ್ಟು ಅವರು ಮೊಳೆ ಹೊಡೆದರು. ಹತ್ತೋ ಹನ್ನೆರಡೋ ಪಟ್ಟಿಗಳು. ಹೊಡೆತ ನನಗೆ ಕೇಳಲಿಲ್ಲ. ನಾನು ಒರಗಿದ್ದ ಗೋಡೆಯಲ್ಲಿ ಸಣ್ಣ ನಡುಕವಾಗಿ ಬೆನ್ನಿಗೆ ತಾಗುತ್ತಿತ್ತು. ಒಂದೊಂದು ನಡುಕಕ್ಕೂ ಹುಡುಗಿಯ ಕಣ್ಣು ನೋಡುತ್ತಿದ್ದೆ. ಮಳೆ ನಿಂತರೆ ಏನು ಗತಿ ಅಂತ ಮಾಡಿನ ಕಡೆ ಕಿವಿಯಿಟ್ಟಿದ್ದೆ. ಜೀವಮಾನದಲ್ಲಿ ಅಷ್ಟು ಭಕ್ತಿಯಿಂದ ಮಳೆ ಬೇಡಿದ್ದಿಲ್ಲ. ನಡುಕ ನಿಂತ ಮೇಲೂ ಮಳೆ ಸುರಿಯುತ್ತಿತ್ತು. ನನ್ನ ಕೈ ಸೆಟೆದುಹೋಗಿ, ಅವಳ ಕಿವಿಯಿಂದ ತೆಗೆಯಲು ಡಾಕ್ಟರು ಸಹಾಯ ಮಾಡಬೇಕಾಯಿತು.

ಆ ಗಾಳಿಗೆ ನಮ್ಮ ಹಿಂದಿನ ಅಡುಗೆಕೊಟ್ಟಿಗೆಯ ಮಾಡು ಹಾರಿಹೋಯಿತು. ಮಕ್ಕಳ ಕೋಣೆಯದು ನಿಂತಿತು.

ಹುಡುಗಿ ಬದುಕಿದಳು. ಒಂದೇ ದಿನದಲ್ಲಿ ಅಲ್ಲ. ಮೂರು ವಾರ ಸೆಳೆತ ಬರುತ್ತಲೇ ಇತ್ತು. ದೂರ ದೂರವಾಗುತ್ತಾ ಹೋಯಿತು. ಒಂದು ಬೆಳಿಗ್ಗೆ ದವಡೆ ಬೆರಳಗಲ ಬಿಟ್ಟುಕೊಟ್ಟಿತು. ಅವಳು ಆಡಿದ ಮೊದಲ ಮಾತು, "ಅಮ್ಮ ಹೊಡೀತಾಳಾ?" ತಾಯಿಯನ್ನು ಒಳಗೆ ಕರೆದೆ. ಅವಳು ಹಾಸಿಗೆಯ ಪಕ್ಕ ಕೂತು, ಆ ಒಂದು ಪೆಟ್ಟು ಬಿದ್ದಿದ್ದ ಮಗಳ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಇದ್ದಳು. ಆ ದೊಡ್ಡ ಸೆಳೆತದಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಹುಡುಗಿಯ ಬೆನ್ನು ಸ್ವಲ್ಪ ಗೂನಾಗಿ ಉಳಿಯಿತು. ನಾನು 'ಮಾಡಲಿ' ಅಂದದ್ದಕ್ಕೆ ಅದು ಬೆಲೆಯೋ, ಬೇಡ ಅಂದಿದ್ದರೆ ಅವಳೇ ಉಳಿಯುತ್ತಿರಲಿಲ್ಲವೋ, ಇದನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಡಾಕ್ಟರನ್ನು ಒಮ್ಮೆ ಕೇಳಿದೆ. "ನನಗೂ ಗೊತ್ತಿಲ್ಲ," ಎಂದರು. ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೆ ಅವರ ಮೇಲಿನ ನನ್ನ ಸಿಟ್ಟು ಅಂದು ಅರ್ಧ ಇಳಿಯಿತು.

ಜೂನ್ ಕೊನೆಗೆ ಮಕ್ಕಳ ಕೋಣೆಯ ಸುಣ್ಣ ಒಣಗಿತು. ಕಾವಿ ನೆಲ ಹೊಳೆಯುತ್ತಿತ್ತು. ತಗ್ಗಿನ ಕಿಟಕಿಯಿಂದ ಅಂಗಳದ ಕೋಳಿಗಳು ಕಾಣುತ್ತಿದ್ದವು. ಮೊದಲ ಮಂಚ ಅವಳಿಗೆ ಅಂತ ನಾವೆಲ್ಲ ಸಂಭ್ರಮದಿಂದ ಎತ್ತಿಕೊಂಡು ಹೋದರೆ, ಅವಳು ಬೆಳಕು ಕಂಡದ್ದೇ ನನ್ನ ಕೊರಳು ಬಿಗಿದು ಹಿಡಿದಳು. "ಬೇಡ, ಅಲ್ಲಿಗೆ ಬೇಡ. ಕತ್ತಲೆಗೆ ಹೋಗುವ," ಎಂದು ಅತ್ತಳು. ಒಂದು ತಿಂಗಳು ಅವಳ ಪಾಲಿಗೆ ಬೆಳಕೆಂದರೆ ನೋವು, ಸದ್ದೆಂದರೆ ನೋವು. ಕಿಟಕಿಯನ್ನು ಪೂರ್ತಿ ಮುಚ್ಚಿದೆವು. ದಿನಕ್ಕೆ ನಾಲ್ಕು ಬೆರಳಗಲ ತೆರೆದೆವು. ಕಿಟಕಿ ಬಾಗಿಲಿಗೆ ಕೊನೆಯ ಕೈ ಹಾಕಲು ಬಂದಿದ್ದ ಆಚಾರಿ ಅದನ್ನು ಕಂಡು, ನಾಲ್ಕು ಬೆರಳಿಗೊಂದರಂತೆ ನಿಲ್ಲುವ ಹಾಗೆ ಮರದ ಹಲ್ಲು ಮಾಡಿಕೊಟ್ಟರು. ಎಂಟನೆಯ ದಿನ ಅವಳೇ ಕೈ ಚಾಚಿ ಇನ್ನೊಂದು ಹಲ್ಲು ಸರಿಸಿದಳು.

ಜುಲೈಯಲ್ಲಿ ಮನೆಗೆ ಹೊರಟಳು. ಹೊಳೆ ತುಂಬಿ ದೋಣಿ ನಿಂತಿದ್ದರಿಂದ ಪಾಣೆಮಂಗಳೂರಿನ ಸೇತುವೆ ಸುತ್ತಿ ಬಸ್ಸಿನಲ್ಲಿ ಹೋಗಬೇಕಿತ್ತು. ನಾನು ರಸ್ತೆಯವರೆಗೆ ಜೊತೆಗೆ ಹೋದೆ. ಬಸ್ಸು ತಿರುವಿನಲ್ಲಿ ಜೋರಾಗಿ ಹಾರನ್ ಹೊಡೆಯಿತು. ನನಗೆ ಗೊತ್ತಿಲ್ಲದೆಯೇ ನನ್ನ ಎರಡೂ ಕೈ ಹೋಗಿ ಅವಳ ಕಿವಿ ಮುಚ್ಚಿದವು. ಅವಳು ಅವನ್ನು ಬಿಡಿಸಿಕೊಂಡು, ಇದೇನು ಅನ್ನುವ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಬಸ್ಸು ಹತ್ತಿ, ತಾಯಿಯ ಪಕ್ಕ, ಕಿಟಕಿಯ ಹತ್ತಿರವೇ ಕೂತಳು.